ಅಪ್ಪ ಮುದ್ದೆ ಉಂಡ ರೀತಿ

ಕೆಲವು ತಿಂಗಳಿಂದ ನನ್ನ ದೊಡ್ಡ ಮಗಳಿಗೆ ಅನ್ನ ಎದೆಯಲ್ಲೇ ನಿಂತುಬಿಡುತ್ತಿತ್ತು. ಉಂಡು ಎಷ್ಟೋ ಹೊತ್ತಾದ ಮೇಲೂ ಅಗುಳು ಅಗುಳಾಗಿಯೇ ಬಾಯಿಂದ ಹೊರಬರುತ್ತಿತ್ತು. ಅನ್ನನಾಳದ ಕೆಳತುದಿ ಸಡಿಲವಾಗುತ್ತಿಲ್ಲ ಎಂದರು ಕೋಲಾರದ ಡಾಕ್ಟರು.

"ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ? ಅಪರೂಪಕ್ಕೆ ಇದು ವಂಶದಲ್ಲಿ ಬರುತ್ತೆ. ಹಾಗಿದ್ರೆ ಚಿಕ್ಕ ಮಗಳನ್ನೂ ಒಂದ್ಸಲ ನೋಡೋದು ಒಳ್ಳೇದು."

ಅಪ್ಪನಿಗಿತ್ತು ಎನ್ನಲು ಹೋಗಿ ತಡೆದುಕೊಂಡೆ. ನಮ್ಮ ಕಡೆ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆ, ಅಗಿದರೆ ನಗುತ್ತಾರೆ. ಅಪ್ಪ ಅಗಿಯುತ್ತಿದ್ದರು. ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದರು. ಊಟದ ನಡುವೆ ಎದ್ದು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ನಿಲ್ಲುತ್ತಿದ್ದರೇ? ಮಗಳು ಹಾಗೆ ನಿಲ್ಲುವುದನ್ನು ದಿನವೂ ನೋಡಿ, ಎಂದೋ ತೀರಿಹೋದ ಅಪ್ಪನನ್ನೂ ನಾನೇ ಹಾಗೆ ನಿಲ್ಲಿಸಿಕೊಂಡಿರಬಹುದು.

ಯಲ್ದೂರಿನಲ್ಲಿರುವ ಅತ್ತೆ, ಅಪ್ಪನ ಅಕ್ಕ. ಹೋಗಿ ಕೇಳಿದೆ.

"ನಿಮ್ಮಪ್ಪನ್ಗಾ? ಎರಡೆರಡು ಮುದ್ದೆ ನುಂಗ್ತಿದ್ದ ಕಣೇ. ಮದುವೆ ಆದ್ಮೇಲೇ ಅಗಿಯೋಕೆ ಹತ್ತಿದ್ದು. ನಿಮ್ಮಮ್ಮನ ಮುದ್ದೇಲಿ ಬರೀ ಗಂಟು!"

"ತುತ್ತಿಗೊಂದ್ಸಲ ನೀರು ಕುಡೀತಿದ್ರಲ್ಲ ಅತ್ತೆ?"

"ಸಾರಿಗೆ ಅಷ್ಟು ಖಾರ ಸುರಿದ್ರೆ ಇನ್ನೇನ್ ಮಾಡ್ತಾನೆ? ಅಷ್ಟೊಂದು ಓದ್ಕೊಂಡು, ಸತ್ತೋನ ಗಂಟ್ಲು ಹುಡುಕ್ತಾ ಬಂದ್ಯಾ?" ನಕ್ಕು, ತಟ್ಟನೆ ದನಿ ತಗ್ಗಿಸಿದರು. "ವಂಶದ್ದು ಗಿಂಶದ್ದು ಅಂತ ಎಲ್ಲೂ ಹೇಳ್ಬೇಡ. ಎರಡು ಹೆಣ್ಮಕ್ಳು ನಿಂಗೆ."

ಅತ್ತೆ ಮರೆತಿದ್ದರೋ, ಮುಚ್ಚುತ್ತಿದ್ದರೋ, ಇದ್ದದ್ದನ್ನೇ ಹೇಳಿದರೋ ತಿಳಿಯಲಿಲ್ಲ. ಅಮ್ಮನ ಮುದ್ದೆಯಲ್ಲಿ ಗಂಟಿರುತ್ತಿತ್ತು ಎಂಬುದಂತೂ ನಿಜ. ಹಾಗಾದರೆ ಅಪ್ಪನ ಕಾಯಿಲೆ ಬರೀ ಅಡುಗೆಯ ತಪ್ಪೇ?

ಗೊತ್ತಿಲ್ಲ ಎಂದೇ ಡಾಕ್ಟರಿಗೆ ಹೇಳಿದೆ.

"ಅವರದ್ದು ಬಿಡಿ ಮೇಡಂ, ನೀವು ಹೇಗೆ ಉಣ್ತೀರಿ?"

ನಾನೂ ತುತ್ತಿಗೊಂದು ಗುಟುಕು ನೀರು ಕುಡಿಯುವವಳೇ. ಅಪ್ಪನನ್ನು ನೋಡಿ ಕಲಿತದ್ದು ಅಂದುಕೊಂಡಿದ್ದೆ. ಕಲಿತದ್ದೋ, ಬಂದದ್ದೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಎಕ್ಸ್‌ರೇ ಕೋಣೆಯಲ್ಲಿ ನನಗೆ ಸುಣ್ಣದ ನೀರಿನಂಥದ್ದನ್ನು ಕುಡಿಸಿದರು. ಎದೆಯ ನಡುವೆ ಒಂದು ಕ್ಷಣ ನಿಂತಂತಾಯಿತು. ನಿಜವಾಗಿ ನಿಂತಿತೋ, ಹೆದರಿಕೆಗೆ ಹಾಗನ್ನಿಸಿತೋ, ಈಗಲೂ ಹೇಳಲಾರೆ. ಚಿತ್ರ ನೋಡಿ ಡಾಕ್ಟರು ಏನನ್ನುತ್ತಾರೋ ಎಂದು ಕಾಯುತ್ತಿದ್ದಾಗ ಚಿಕ್ಕವಳು ಪಕ್ಕಕ್ಕೆ ಬಂದು ಕೂತಳು.

"ಅಮ್ಮ, ನಂದೂ ನೋಡ್ತಾರಾ?"

"ಹೂಂ, ನೋಡ್ಲಿ," ಎಂದೆ. ಚಿತ್ರ ಇನ್ನೂ ಬಂದಿರಲಿಲ್ಲ.