ಅಟ್ಟದ ಮೇಲಿನ ಗಂಟು

ಚಳಿಗಾಲ ಬಂತೆಂದರೆ ನಿವೃತ್ತನಾದ ಗಂಡಸಿನ ಘನತೆಯೆಲ್ಲ ಅವನ ಮಂಕಿ ಟೋಪಿಯೊಳಗೆ ಮುಚ್ಚಿಹೋಗುತ್ತದೆ ಎಂಬುದು ನನ್ನ ಸ್ವಾನುಭವ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಿಕಾರಿಪುರದ ಹೈಸ್ಕೂಲಿನಲ್ಲಿ ಇತಿಹಾಸ ಬೋಧಿಸಿ, ಒಮ್ಮೆ ಕೆಮ್ಮಿದರೆ ಸಾಕು ಇಡೀ ತರಗತಿ ತೆಪ್ಪಗಾಗುವಂತೆ ಬಾಳಿದವನು ನಾನು. ಈಗ ಕಿವಿ, ಗಲ್ಲ, ಗದ್ದಗಳನ್ನೆಲ್ಲ ಉಣ್ಣೆಯೊಳಗೆ ತುರುಕಿ, ಮೂಗೊಂದನ್ನೇ ಲೋಕಕ್ಕೆ ಒಡ್ಡಿಕೊಂಡು ಮನೆಯ ಮುಂದಿನ ಬಿಸಿಲಿನಲ್ಲಿ ಕೂತಿದ್ದರೆ, ನನ್ನ ಕೈಯಲ್ಲೇ ಏಟು ತಿಂದ ಹಳೆಯ ಶಿಷ್ಯರು ಬೈಕು ನಿಲ್ಲಿಸಿ, "ಅಜ್ಜಾ, ಮೇಷ್ಟ್ರು ಮನೇಲದಾರಾ?" ಎಂದು ನನ್ನನ್ನೇ ಕೇಳುತ್ತಾರೆ. ಚಂದಾ ಎತ್ತಲು ಬಂದವರಂತೆ ಕಂಡರೆ, ಇಲ್ಲ, ಊರಿಗೆ ಹೋಗಿದ್ದಾರೆ ಎಂದು ಗಂಭೀರವಾಗಿ ಹೇಳಿ ಕಳಿಸಿದ್ದೂ ಉಂಟು.

ಹೀಗೆ ಇದ್ದೂ ಇಲ್ಲದವನಾಗಿ ಕಾಲ ತಳ್ಳುತ್ತಿದ್ದಾಗ, ಯಾವ ಪುಣ್ಯಾತ್ಮನೋ ಮೊಬೈಲಿಗೆ ಒಂದು ಸಂದೇಶ ಕಳಿಸಿದ. ಚಳಿಗಾಲದ ದಿನಗಳನ್ನು ಮನೆಯಲ್ಲೇ ಸಾರ್ಥಕಗೊಳಿಸಿಕೊಳ್ಳುವ ಸರಳೋಪಾಯಗಳು ಅದರಲ್ಲಿದ್ದವು. ಬೇಗ ಏಳಿ, ದಿನಚರಿ ಬರೆಯಿರಿ, ಒಂದು ಹೊಸ ಭಾಷೆ ಕಲಿಯಿರಿ, ಮನೆಯಲ್ಲಿ ಬೇಡದ್ದೆಲ್ಲ ಹೊರಹಾಕಿ ಮನಸ್ಸನ್ನು ಹಗುರ ಮಾಡಿಕೊಳ್ಳಿರಿ. ಓದುಗರೇ, ನನ್ನಂಥವನಿಗೆ ಉಪದೇಶವೆಂದರೆ ಒಗ್ಗರಣೆಯ ವಾಸನೆಯಿದ್ದಂತೆ, ಹಸಿವಿಲ್ಲದಿದ್ದರೂ ಎಬ್ಬಿಸಿ ಕೂರಿಸುತ್ತದೆ. ಹಳೆಯ ಚಾರ್ಟಿನ ಹಿಂಬದಿಗೆ ವೇಳಾಪಟ್ಟಿಯೊಂದನ್ನು ಬರೆದು ನಡುಮನೆಯ ಗೋಡೆಗೆ ಅಂಟಿಸಿದೆ. ಬೇಗ ಏಳುವುದು ಎರಡು ದಿನ ನಡೆಯಿತು. ದಿನಚರಿಯ ಮೊದಲ ಪುಟದಲ್ಲಿ 'ಇಂದು ಚಳಿ ಹೆಚ್ಚು' ಎಂದು ಬರೆದೆ. ಎರಡನೆಯ ಪುಟದಲ್ಲಿ 'ಇಂದೂ' ಎಂದು ಬರೆದೆ. ಹೊಸ ಭಾಷೆಯ ವಿಷಯದಲ್ಲಿ ಮನೆಯಾಕೆ ಗಿರಿಜ ಅಡ್ಡ ಬಂದಳು. ಕಟ್ಟಿಕೊಂಡ ಹೆಂಡತಿಯ ಮಾತೇ ಇಷ್ಟು ವರ್ಷವಾದರೂ ಅರ್ಥವಾಗಿಲ್ಲ, ಇನ್ನು ಹೊಸ ಭಾಷೆ ಯಾಕ್ರೀ ಎಂಬುದು ಅವಳ ವಾದ.

ಉಳಿದದ್ದು ಬೇಡದ್ದನ್ನು ಹೊರಹಾಕುವ ಉಪಾಯ. ಅದಕ್ಕೆ ಅವಕಾಶವೂ ತಾನಾಗಿ ಒದಗಿತು. ತಮ್ಮನ ಮನೆಯಲ್ಲಿ ಭತ್ತದ ಒಕ್ಕಲೆಂದು ಗಿರಿಜ ತವರೂರಾದ ಕುಪ್ಪಗಡ್ಡೆಗೆ ಹೊರಟು ನಿಂತಳು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅಕ್ಕ.

ಅಕ್ಕನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದವಳು. ನನ್ನ ಮಗಳು ಶ್ವೇತಾಳನ್ನು ಹೆತ್ತವಳು ಗಿರಿಜ, ಸಾಕಿದವಳು ಅಕ್ಕ, ಅಂಕಪಟ್ಟಿಗೆ ಸಹಿ ಹಾಕಿದವನು ನಾನು. ಆ ಶ್ವೇತಾ ಈಗ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ತತಿ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಆ ಹೊತ್ತಿಗೇ ಮಗು ಬರಬೇಕು. ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸಬಾರದು, ಮನೆಯ ಹಿರಿಯರು ಉಟ್ಟು ಒಗೆದು ಮೆತ್ತಗಾದ ಬಟ್ಟೆಯ ಮೇಲೇ ಮಲಗಿಸಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಅದಕ್ಕಾಗಿ ಹಳೆಯ ಸೀರೆ, ಪಂಚೆಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸುತ್ತುಸುತ್ತಾಗಿ ಸಣ್ಣ ಹೊಲಿಗೆ ಹಾಕಿ ಕೌದಿ ಮಾಡುತ್ತಾರೆ. ನಮ್ಮ ಬಳಗದಲ್ಲಿ ಅಕ್ಕನ ಕೌದಿಯ ಮೇಲೆ ಮಲಗದೆ ಬೆಳೆದ ಕೂಸೇ ಇಲ್ಲ.

ಆದರೆ ಅಕ್ಕನ ಕಣ್ಣು ಹೋಗುತ್ತಿತ್ತು. ಕಣ್ಣಿನೊಳಗಿನ ಒತ್ತಡದ ಕಾಯಿಲೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕುತ್ತಿರಿ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಮನೆಯೊಳಗೆ ಅವಳಿಗೆ ಎಲ್ಲವೂ ಮಬ್ಬು. ಚಳಿಗಾಲದ ಸ್ವಚ್ಛ ಬಿಸಿಲಿನಲ್ಲಿ, ಹತ್ತರಿಂದ ಮೂರರವರೆಗೆ ಅಂಗಳದಲ್ಲಿ ಕೂತರೆ ಮಾತ್ರ ಬಟ್ಟೆಯ ಬಣ್ಣ, ಹೊಲಿಗೆಯ ಸಾಲು ಕಾಣುತ್ತಿದ್ದವು. ಮುಂದಿನ ಚಳಿಗಾಲದಲ್ಲಿ ಅಷ್ಟಾದರೂ ಕಂಡೀತೆಂಬ ನಂಬಿಕೆ ಅವಳಿಗಿರಲಿಲ್ಲ. ಶ್ವೇತಾಳ ಕೂಸಿಗೆ ತನ್ನ ಕೈಯಾರೆ ಕೌದಿಯೊಂದು ಆಗಿಬಿಡಲಿ, ಆಮೇಲೆ ಕಣ್ಣು ಏನಾದರೂ ಆಗಲಿ ಎನ್ನುತ್ತಿದ್ದಳು. ಅಟ್ಟದ ಮೇಲೆ ಅದಕ್ಕೆಂದೇ ಬಟ್ಟೆ ಕೂಡಿಸಿಟ್ಟಿದ್ದಳು. ಇದಿಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದ ಸಂಗತಿ ಬೇಕಾದ ಹೊತ್ತಿಗೆ ನೆನಪಾಗದಿರುವುದು ಪರೀಕ್ಷೆಯ ಹಾಲಿನಲ್ಲಿ ಹುಡುಗರಿಗೆ ಮಾತ್ರ ಆಗುವುದಲ್ಲ.

ಗಿರಿಜ ಹೋದ ಮರುದಿನ ಅಟ್ಟ ಹತ್ತಿದೆ. ಧೂಳಿನ ನಡುವೆ, ಹಳೆಯ ಪಂಚೆಯಲ್ಲಿ ಬಿಗಿದು ಕಟ್ಟಿದ ಗಂಟೊಂದು ಸಿಕ್ಕಿತು. ಬಿಚ್ಚಿ ನೋಡುವಷ್ಟೂ ವ್ಯವಧಾನವಿಲ್ಲದ ಉತ್ಸಾಹ ನನ್ನದು. ಕೆಳಗಿಳಿಯುವುದಕ್ಕೂ, ಬೀದಿಯಲ್ಲಿ "ಹಳೇ ಬಟ್ಟೆಗೆ ಪಾತ್ರೇ..." ಎಂಬ ಕೂಗು ಕೇಳುವುದಕ್ಕೂ ಸರಿಹೋಯಿತು. ಅಕ್ಕ ಬಚ್ಚಲಲ್ಲಿದ್ದಳು. ಚಳಿಗಾಲದಲ್ಲಿ ಅವಳ ಸ್ನಾನ ಹಂಡೆಯ ನೀರು ಮುಗಿಯುವ ತನಕ. ನಮ್ಮ ಬೀದಿಗೆ ಆಗಾಗ ಬರುವ ಪಾತ್ರೆಯ ದುರ್ಗಮ್ಮ ಗಂಟನ್ನು ಕೈಯಲ್ಲಿ ತೂಗಿ ಒಂದು ಸ್ಟೀಲಿನ ಬೋಗುಣಿ ಕೊಡುತ್ತೇನೆಂದಳು. ನಾನೇನು ಕಡಿಮೆಯೇ? ಚೌಕಾಸಿ ಮಾಡಿ ಮೇಲೊಂದು ಸೌಟನ್ನೂ ಗಿಟ್ಟಿಸಿದೆ. ಅವತ್ತಿನ ದಿನಚರಿಯಲ್ಲಿ ಮೊದಲ ಬಾರಿಗೆ ಅರ್ಧ ಪುಟ ಬರೆದೆ.

ಸ್ನಾನ ಮುಗಿಸಿ, ಉಂಡು ಬಿಸಿಲಿಗೆ ಬಂದ ಅಕ್ಕ, "ತಮ್ಮಾ, ಅಟ್ಟದ ಮ್ಯಾಲಿನ ಗಂಟು ಇಳಿಸಿಕೊಡು. ಇವತ್ತು ಬಿಸಿಲು ಚಲೋ ಐತಿ, ಕೌದಿ ಹಾಸ್ತೀನಿ" ಅಂದಳು.

ಬೋಗುಣಿ ಅವಳ ಕಾಲ ಬುಡದಲ್ಲೇ ಫಳಫಳ ಹೊಳೆಯುತ್ತಿತ್ತು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ, ನಡೆದದ್ದನ್ನು ಹೇಳಿದೆ. ಆ ಗಂಟಿನಲ್ಲಿ ಏನಿತ್ತೆಂದು ಆಗ ತಿಳಿಯಿತು. ನಮ್ಮ ಅವ್ವನ ಇಳಕಲ್ ಸೀರೆಯಿತ್ತು, ಕೆಂಪು ಸೆರಗಿನದು, ಅವಳದೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ವರ್ಷವರ್ಷವೂ ಮಕ್ಕಳನ್ನು ತಾಳಗುಂದಕ್ಕೆ ಕರೆದೊಯ್ದು, ಕಂಬದ ಮೇಲಿನ ಕದಂಬರ ಕಾಲದ ಅಕ್ಷರಗಳನ್ನು ತೋರಿಸಿ, ಪೂರ್ವಜರ ಕುರುಹುಗಳನ್ನು ಕಣ್ಣಿಗೊತ್ತಿಕೊಂಡು ಕಾಪಾಡಬೇಕು ಮಕ್ಕಳೇ ಎಂದು ಗಂಟಲು ಹರಿದುಕೊಂಡವನು ಹೆತ್ತವಳ ಸೀರೆಯನ್ನು ಸೌಟಿಗೆ ಮಾರಿದ್ದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಕೈಚಾಚಿ ಬೋಗುಣಿಯನ್ನು ತಡವಿ, ಅದರ ಅಂಚಿನ ಮೇಲೆ ಬೆರಳಾಡಿಸಿ ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಬ್ಯಾರೆ ಬಟ್ಟಿ ಸಿಗ್ತಾವು ಬಿಡು. ಆದ್ರ ಕಣ್ಣು ಕಾಣದೋಳು ಹೊಲೀಬೇಕಂದ್ರ ಕೈಗೆ ಗುರುತಿರೋ ಬಟ್ಟಿ ಬೇಕಾಗ್ತತಿ. ಅವ್ವನ ಸೀರಿ ನನ್ನ ಕೈಗೆ ಗುರುತಿತ್ತು."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ದುರ್ಗಮ್ಮ ಸೊರಬದವಳು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಮನೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಬೋಗುಣಿ, ಸೌಟು ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತೆ. ಬಸ್ಸು ಹಾರಿದಾಗಲೆಲ್ಲ ಬೋಗುಣಿಯೊಳಗೆ ಸೌಟು ಢಣ್ಣೆನ್ನುತ್ತಿತ್ತು, ಜನ ತಿರುಗಿ ನೋಡುತ್ತಿದ್ದರು. ಯಾರದಾದರೂ ಮನೆ ಒಕ್ಕಲೇ ಸಾರ್ ಎಂದು ಕಂಡಕ್ಟರು ವಿಚಾರಿಸಿದ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ತಾಳಗುಂದ, ತಾಳಗುಂದ ಎಂದು ಆಟೋದವನೊಬ್ಬ ಕೂಗುತ್ತಿದ್ದ. ನಾನು ಮುಖ ಬೇರೆ ಕಡೆ ತಿರುಗಿಸಿಕೊಂಡೆ.

ಸೊರಬದಲ್ಲಿ ದುರ್ಗಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ಕಂಡವಳೇ ಅವಳು, "ಯಾಕ್ರೀ ಮೇಷ್ಟ್ರೇ, ತೂತು ಗೀತು ಐತಾ?" ಎಂದು ಗಾಬರಿಯಾದಳು. ತೂತು ಬೋಗುಣಿಗಲ್ಲ, ನನ್ನ ಬುದ್ಧಿಗೆ ಎಂದು ವಿಷಯ ತಿಳಿಸಿದೆ. ಅವಳು ಒಳಗಿನಿಂದ ಗಂಟನ್ನು ತಂದು ಮುಂದಿಟ್ಟಳು. ಬಿಚ್ಚಿದೆ. ಗಿರಿಜಳ ಎರಡು ಹಳೆಯ ಸೀರೆ, ನನ್ನ ಪಂಚೆಗಳು, ಶ್ವೇತಾ ಶಾಲೆಗೆ ಹೋಗುವಾಗ ಹಾಕುತ್ತಿದ್ದ ಲಂಗ, ಎಲ್ಲ ಇದ್ದವು. ಅವ್ವನ ಸೀರೆಯಿರಲಿಲ್ಲ.

ದುರ್ಗಮ್ಮ ತಲೆ ತಗ್ಗಿಸಿದಳು. ಆಮೇಲೆ, "ಒಳಗೆ ಬರ್ರಿ" ಎಂದು ಕರೆದಳು. ಒಳಕೋಣೆಯ ಮೂಲೆಯಲ್ಲಿ ಅವಳ ಮಗಳು, ಹಸಿ ಬಾಣಂತಿ, ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಮಡಿಕೆ ಹಾಕಿದ ಸೀರೆಯ ಮೇಲೆ ಅಂಗೈ ಅಗಲದ ಮುಖದ ಕೂಸೊಂದು ನಿದ್ದೆ ಮಾಡುತ್ತಿತ್ತು. ಕೆಂಪು ಸೆರಗು ಚಾಪೆಯಾಚೆ ಚಾಚಿಕೊಂಡಿತ್ತು. ಆ ಗಂಟಿನಲ್ಲೆಲ್ಲ ಮೆತ್ತಗಿದ್ದದ್ದು ಅದೊಂದೇ ರೀ, ಮಾರೋಕೆ ಮನಸ್ಸು ಬರಲಿಲ್ಲ ಎಂದಳು ದುರ್ಗಮ್ಮ. ಹೇಳುತ್ತಲೇ ಕೂಸನ್ನು ಎತ್ತಲು ಬಗ್ಗಿದಳು.

"ಬ್ಯಾಡಮ್ಮಾ, ಎತ್ತಬ್ಯಾಡ" ಅಂದೆ. ಕಿಟಕಿಗೆ ಗಾಜಿರಲಿಲ್ಲ, ರಟ್ಟು ಅಡ್ಡ ಇಟ್ಟಿದ್ದರು, ಅದರ ಸಂದಿಯಿಂದ ಚಳಿಗಾಳಿ ಬರುತ್ತಿತ್ತು. ನಮ್ಮ ಅವ್ವ ಊರಿನ ಎಷ್ಟೋ ಬಾಣಂತಿಯರಿಗೆ ನೀರು ಹಾಕಿದವಳು. ಅವಳ ಸೀರೆಯನ್ನು ಒಂದು ಕೂಸಿನ ಕೆಳಗಿನಿಂದ ಎಳೆದು ತಂದರೆ ಅವಳು ಯಾವ ಲೋಕದಲ್ಲಿದ್ದರೂ ಎದ್ದು ಬಂದು ನನ್ನ ಕಿವಿ ಹಿಂಡುತ್ತಿದ್ದಳು.

ಬೋಗುಣಿ, ಸೌಟನ್ನು ಅಲ್ಲೇ ಇಟ್ಟು, ಗಂಟು ಎತ್ತಿಕೊಂಡು ಹೊರಟೆ. ಹೊಸಲು ದಾಟುವಷ್ಟರಲ್ಲಿ ದುರ್ಗಮ್ಮ ತಡೆದಳು. ಇಳಕಲ್ ಸೀರೆಯಲ್ಲಿ ಮೈಯನ್ನೂ ಸೆರಗನ್ನೂ ಬೇರೆಬೇರೆ ನೂಲಿನಲ್ಲಿ ನೇಯ್ದು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಬಟ್ಟೆಯನ್ನೇ ಬದುಕಾಗಿಸಿಕೊಂಡ ಆ ಹೆಂಗಸು ಕೂಸಿಗೆ ಎಚ್ಚರವಾಗದಂತೆ ಆ ಕೊಂಡಿಯ ಅಂಚನ್ನೇ ಹಿಡಿದು ಸೆರಗನ್ನು ಕತ್ತರಿಸಿ ತಂದು ನನ್ನ ಕೈಗಿಟ್ಟಳು. ನಿಮ್ಮ ತಾಯಿದು ಅಂದಮೇಲೆ ಇದಾದ್ರೂ ನಿಮ್ಮ ಮನ್ಯಾಗಿರಲಿ ರೀ ಎಂದಳು. ಪಾಠ ಹೇಳಿ ಸಂಬಳ ಪಡೆದವನು ನಾನು, ಆದರೆ ಆ ಬೆಳಿಗ್ಗೆ ಅವಳಿಗೆ ಎರಡೂ ಕೈ ಮುಗಿದೆ.

ಸಂಜೆ ಅಂಗಳದಲ್ಲಿ ಅಕ್ಕನ ಮಡಿಲಿಗೆ ಸೆರಗನ್ನು ಹಾಕಿದೆ. ಬಿಸಿಲು ಇಳಿದಿತ್ತು, ಅವಳಿಗೆ ಏನೂ ಕಾಣುತ್ತಿರಲಿಲ್ಲ. ಬೆರಳುಗಳು ಅಂಚಿನಗುಂಟ ಸರಿದು, ಕೊಂಡಿ ಇದ್ದ ಜಾಗಕ್ಕೆ ಬಂದು ನಿಂತವು. "ಅವ್ವಂದು" ಅಂದಳು. ಉಳಿದದ್ದೆಲ್ಲಿ ಎಂದು ಕೇಳಲಿಲ್ಲ, ನಾನೇ ಹೇಳಿದೆ. ಹೇಳುತ್ತ ಹೇಳುತ್ತ ನಾನೇ ಅತ್ತುಬಿಟ್ಟೆ. ಅಕ್ಕ ಮಾತ್ರ ನಗುತ್ತಿದ್ದಳು. "ಅಯ್ಯ ಮಾರಾಯ, ಅಳ್ತೀ ಯಾಕ? ಇಷ್ಟು ವರ್ಷ ಅಟ್ಟದ ಮ್ಯಾಲೆ ಕೂತು ಅವ್ವಗ ಸಾಕಾಗಿತ್ತು. ಕೂಸಿದ್ದಲ್ಲಿಗೆ ಹೋಗ್ಯಾಳ" ಅಂದಳು.

ಸ್ವಲ್ಪ ಹೊತ್ತಾದ ಮೇಲೆ ಆ ಕೂಸಿಗೆ ಹೊದಿಯಲು ಏನಿದೆ ಎಂದು ವಿಚಾರಿಸಿದಳು. ಕಂಡದ್ದನ್ನು ಹೇಳಿದೆ, ರಟ್ಟಿನ ಕಿಟಕಿಯ ವಿಷಯವನ್ನೂ ಹೇಳಿದೆ. ಗಂಡೋ ಹೆಣ್ಣೋ ಎಂದಳು. ನಾನು ಕೇಳಿರಲಿಲ್ಲ. ಅಷ್ಟು ದೂರ ಹೋಗಿ ಅದನ್ನೂ ಕೇಳದೆ ಬಂದೆಯಲ್ಲ ಎಂದು ಆಗ ನಿಜವಾಗಿಯೂ ಬೈದಳು. ಬೈಗುಳ ಕಿವಿಗೆ ಬಿದ್ದು ನನಗೆಷ್ಟು ಸಮಾಧಾನವಾಯಿತೆಂದರೆ, ಇನ್ನಷ್ಟು ಬೈಯಲಿ ಎಂದು ಕಾದು ಕೂತೆ.

ಮಾರನೆಯ ದಿನ ಹತ್ತು ಗಂಟೆಯ ಬಿಸಿಲಿಗೆ ಅಕ್ಕ ಬಟ್ಟೆಗಳನ್ನು ಹಾಸಿದಳು. ಸೂಜಿಗೆ ದಾರ ಹಾಕಿಕೊಡುತ್ತಿದ್ದ ಗಿರಿಜ ಊರಲ್ಲಿರಲಿಲ್ಲ, ಆ ಕೆಲಸ ನನ್ನ ಪಾಲಿಗೆ ಬಂತು. ಕನ್ನಡಕ ಏರಿಸಿ, ನಾಲಿಗೆ ಕಚ್ಚಿ, ನಾಲ್ಕೈದು ಸಲ ಸೋತು, ಕೊನೆಗೊಮ್ಮೆ ದಾರ ದಾಟಿಸಿದೆ. ಅಕ್ಕ ಕೆಂಪು ಸೆರಗನ್ನು ಮಡಚಿ ಪಕ್ಕಕ್ಕಿಟ್ಟು, ಗಿರಿಜಳ ಸೀರೆಗಳನ್ನು ಹಾಸುತ್ತಿದ್ದಳು. ಸೆರಗು ಮರೆತಿಯಲ್ಲ ಎಂದೆ. ಇದು ಸೊರಬದ ಕೂಸಿಗೆ, ಸೆರಗು ಆಮೇಲೆ ಹೊಲಿಯುವ ನಮ್ಮ ಕೂಸಿನ ಕೌದಿಗೆ ಎಂದಳು. ಇಂಥ ಬಿಸಿಲು ಎಷ್ಟು ದಿನವೋ, ಕಣ್ಣು ಎಷ್ಟು ದಿನವೋ, ಎರಡು ಕೌದಿ ಆಗದಿದ್ದರೆ? ಮೊದಲು ಶ್ವೇತಾಳದ್ದು ಮುಗಿಸಿಬಿಡು ಅಕ್ಕಾ ಎಂದು ನಾಚಿಕೆ ಬಿಟ್ಟು ಹೇಳಿದೆ.

ಅಕ್ಕ ತಲೆಯೆತ್ತಲಿಲ್ಲ. ಮೊದಲ ಹೊಲಿಗೆ ಹಾಕಿ, ಅದರ ಮೇಲೆ ಬೆರಳಾಡಿಸಿ ನೋಡಿಕೊಂಡಳು.

"ನಮ್ಮ ಕೂಸು ಇನ್ನೂ ಅದರವ್ವನ ಹೊಟ್ಟ್ಯಾಗ ಬೆಚ್ಚಗೈತೋ ತಮ್ಮಾ. ಆ ಕೂಸಿಗೆ ಚಳಿ ಇವತ್ತ ಐತಿ."

ಅವಳ ದಾರ ಮುಗಿಯುವ ಮೊದಲೇ ಸಿದ್ಧವಿರಲೆಂದು, ದಾರ ದಾಟಿಸಲು ನಾನು ಇನ್ನೊಂದು ಸೂಜಿ ಕೈಗೆತ್ತಿಕೊಂಡೆ.