ಎಡಗಾಲು ಮೊದಲು

ಇವತ್ತು ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲಿ ಹತ್ತಿದ ಆಟೋದೊಳಗೆ ನೋವಿನೆಣ್ಣೆಯ ಘಾಟು ತುಂಬಿಕೊಂಡಿತ್ತು. ಚಾಲಕನಿಗೆ ಮಂಡಿನೋವೋ ಬೆನ್ನುನೋವೋ, ಕೇಳಲಿಲ್ಲ. ಸಿಗ್ನಲ್ಲು ಬಿಡುವಷ್ಟರಲ್ಲಿ ನನ್ನ ಮನಸ್ಸು ಐದು ವರ್ಷ ಹಿಂದಕ್ಕೆ, ಸಂಜಯನಗರದ ಚಿಕ್ಕಪ್ಪನ ಮನೆಗೆ ಹೋಗಿಬಿಟ್ಟಿತ್ತು. ಆ ಮನೆಯಲ್ಲಿ ಒಂದಷ್ಟು ತಿಂಗಳು ಒಗ್ಗರಣೆಗಿಂತ ಈ ಎಣ್ಣೆಯ ವಾಸನೆಯೇ ಮುಂದಿರುತ್ತಿತ್ತು.

ಚಿಕ್ಕಪ್ಪ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವರು. ಯಶವಂತಪುರದಿಂದ ಯಲಹಂಕದವರೆಗೆ ಕಿಕ್ಕಿರಿದ ಬಸ್ಸು ತೊನೆದಾಡುತ್ತಿದ್ದರೂ, ಏನನ್ನೂ ಹಿಡಿಯದೆ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ನಡೆದುಬಿಡುತ್ತಿದ್ದರು. ನಾನೋ, ನಿಂತ ಬಸ್ಸಿನಲ್ಲೂ ಕಂಬಿ ಹುಡುಕುವವನು. ನಿವೃತ್ತರಾದ ಮರುವರ್ಷ ಒಂದು ಬೆಳಿಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿತು. ಲಕ್ವ ಹೊಡೆದಿತ್ತು. ಮಾತು ಹೇಗೋ ಉಳಿಯಿತು, ಆದರೆ ಬಲಗೈ ಬಲಗಾಲು ಎರಡೂ ಸೋತವು.

ಆಸ್ಪತ್ರೆಯಿಂದ ಕರೆತಂದ ದಿನ ನಾವು ಮಾಡಿದ ತಪ್ಪನ್ನು ನಿಮ್ಮಿಂದ ಮುಚ್ಚಿಡುವುದೇನು? ಜೀವ ಉಳಿಸಿಕೊಂಡು ಬಂದವರಿಗೆ ಆರತಿಯಾದರೂ ಬೇಡವೇ? ಚಿಕ್ಕಮ್ಮ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, "ಬಲಗಾಲಿಟ್ಟು ಬನ್ರೀ" ಅಂದರು. ನಾನು ಚಿಕ್ಕಪ್ಪನ ಗಟ್ಟಿಯಾಗಿದ್ದ ಎಡಗೈಯನ್ನೇ ಭದ್ರವಾಗಿ ಹಿಡಿದಿದ್ದೆ. ಚಿಕ್ಕಪ್ಪ ಸೋತ ಬಲಗಾಲನ್ನು ಎಳೆದು ಮುಂದಿಡಲು ಹೋದರು. ಹೆಬ್ಬೆರಳು ಹೊಸ್ತಿಲಿಗೆ ತಗುಲಿತು. ಅವರು ಬಲಕ್ಕೆ ವಾಲಿದರು, ಆ ಕಡೆ ಹಿಡಿಯಲು ಯಾರೂ ಇರಲಿಲ್ಲ. ನಾನೂ ಜೊತೆಗೇ ಬಿದ್ದೆ. ಆರತಿಯ ಕೆಂಪು ನೀರು ಇಬ್ಬರ ಮೇಲೂ ಚೆಲ್ಲಿತು. ಪೆಟ್ಟೇನೂ ಆಗಲಿಲ್ಲ. ಆದರೆ ಅಂದಿನಿಂದ ಚಿಕ್ಕಪ್ಪ ಗಾಲಿಕುರ್ಚಿ ಬಿಟ್ಟು ಏಳಲೊಲ್ಲರು. "ನನ್ ನಡಿಗೆ ಮುಗೀತು ಕಣೋ" ಅಂದುಬಿಟ್ಟರು.

ಅವರಿಗೆ ವ್ಯಾಯಾಮ ಮಾಡಿಸಲು ಆರ್.ಟಿ. ನಗರದಿಂದ ನಸ್ರೀನ್ ಎಂಬ ಫಿಸಿಯೋಥೆರಪಿಸ್ಟ್ ಬರತೊಡಗಿದಳು. ಫೋನಿನಲ್ಲಿ ತನ್ನ ಅಮ್ಮನ ಜೊತೆ ದಖನಿ ಉರ್ದು, ನಮ್ಮ ಜೊತೆ ಸೊಗಸಾದ ಕನ್ನಡ. "ಕಾಲಲ್ಲಿ ಶಕ್ತಿ ಇಲ್ಲ ಅಷ್ಟೇ ಅಂದ್ಕೋಬೇಡಿ ಅಂಕಲ್" ಎಂದು ಅವರ ಕಾಲು ಮುಟ್ಟಿ ತೋರಿಸಿದಳು. "ಪಾದ ಎತ್ತೋ ಸ್ನಾಯು ಮಲಗಿದೆ. ಹಿಂದ್ಗಡೆ ಮೀನಖಂಡ ಬಿಗಿಯಾಗಿ ಕೆಳಗೆ ಎಳೀತಿದೆ. ಮಂಡಿ ಸರಿಯಾಗಿ ಮಡಚ್ತಿಲ್ಲ. ಪಾಪ, ಸೊಂಟ ಒಂದೇ ಎಲ್ಲರ ಕೆಲಸಾನೂ ಮಾಡ್ಬೇಕು."

ಆವತ್ತು ಮನೆಗೆ ಬಂದು ಮಹಡಿ ಮೇಲೆ ನನ್ನ ನಡಿಗೆಯನ್ನೇ ಗಮನಿಸಿದೆ. ಹಿಮ್ಮಡಿ ಊರಬೇಕು, ಮಂಡಿ ಬಾಗಬೇಕು, ಹೆಬ್ಬೆರಳು ನೆಲಕ್ಕೆ ತಾಗದಂತೆ ಹಾಯಬೇಕು, ಅಷ್ಟು ಹೊತ್ತು ಮೈಭಾರವನ್ನೆಲ್ಲ ಇನ್ನೊಂದು ಕಾಲು ಹೊರಬೇಕು. ಇದನ್ನೆಲ್ಲ ಯೋಚಿಸುತ್ತ ನಡೆಯಲು ಹೋಗಿ ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆದೆ. ನಗಬೇಡಿ, ನೀವೂ ಒಮ್ಮೆ ಮಾಡಿ ನೋಡಿ. ಅಂಬೆಗಾಲು ಬಿಟ್ಟಾಗಿನಿಂದ ಇಂಥ ಅದ್ಭುತವನ್ನು ದಿನವೂ ಮಾಡುತ್ತ, ಅದೇ ಹೊತ್ತಿಗೆ ಸಂಜೆಯ ತಿಂಡಿಯ ಬಗ್ಗೆ ಯೋಚಿಸುತ್ತಿದ್ದೆನಲ್ಲ ಎಂದು ನನಗೇ ಬೆರಗಾಯಿತು.

ಕೆಲವು ವಾರಗಳಲ್ಲಿ ಚಿಕ್ಕಪ್ಪ ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕುವಂತಾದರು. ಆಗ ನಸ್ರೀನ್ ಹೊಸ್ತಿಲ ಮಾತೆತ್ತಿದಳು. "ಒಳಗೆ ಹತ್ತೋವಾಗ ಒಳ್ಳೇ ಕಾಲು ಮೊದಲು, ಇಳಿಯೋವಾಗ ಸೋತ ಕಾಲು ಮೊದಲು. ಹಿಡ್ಕೊಳ್ಳೋರು ಸೋತ ಕಡೇನೇ ನಿಂತ್ಕೋಬೇಕು."

ಚಿಕ್ಕಮ್ಮನ ಮುಖ ಸಣ್ಣದಾಯಿತು. "ಎಡಗಾಲಿಟ್ಟು ಮನೆಯೊಳಗೆ ಬರೋದಾ? ಈಗಾಗ್ಲೇ ಆಗಿರೋದು ಸಾಲ್ದಾ?"

ಆ ಮಾತು ಚಿಕ್ಕಪ್ಪನ ಕಿವಿಗೂ ಬಿತ್ತು. ಅವರು ಹೊಸ್ತಿಲ ಹತ್ತಿರ ಹೋಗುವುದನ್ನೇ ಬಿಟ್ಟರು. ಅರ್ಧ ಬೆಂಗಳೂರನ್ನೇ ಸುತ್ತಿದ ಮನುಷ್ಯನಿಗೆ ಇನ್ನು ನಡುಮನೆಯೇ ಗತಿಯೇನೋ ಅನ್ನಿಸಿತು ನನಗೆ.

ಒಂದು ಭಾನುವಾರ ನಸ್ರೀನ್ ಹಟ ಹಿಡಿದು ಅವರನ್ನು ಅಂಗಳಕ್ಕೆ ಇಳಿಸಿದಳು. ಇಳಿಯುವಾಗ ಬಲಗಾಲೇ ಮೊದಲಾದ್ದರಿಂದ ಯಾರದೂ ತಕರಾರಿರಲಿಲ್ಲ. ಚಿಕ್ಕಮ್ಮನೂ ನಮ್ಮ ಜೊತೆ ಇಳಿದು ಬಂದರು. ತಿರುಗಿ ಒಳಗೆ ಹೋಗುವಾಗ ಚಿಕ್ಕಪ್ಪ ನಿಂತುಬಿಟ್ಟರು. ಒಮ್ಮೆ ಹೊಸ್ತಿಲು ನೋಡುತ್ತಾರೆ, ಒಮ್ಮೆ ಹೆಂಡತಿಯ ಮುಖ ನೋಡುತ್ತಾರೆ. "ಕುರ್ಚಿ ತಗೊಂಡ್ ಬಾರೋ" ಅಂದರು ನನಗೆ.

ಆಗ ಚಿಕ್ಕಮ್ಮ ಅವರನ್ನು ದಾಟಿ ಮುಂದೆ ಹೋದರು. ಸೀರೆಯ ನೆರಿಗೆ ಎತ್ತಿ ಹಿಡಿದು, ತಮ್ಮ ಎಡಗಾಲನ್ನೇ ಮೊದಲು ಒಳಗಿಟ್ಟರು. ತಿರುಗಿ ನಿಂತು, "ಬನ್ರೀ, ನಾನೂ ಹಿಂಗೇ ಬಂದೆ" ಅಂದರು.

ಚಿಕ್ಕಪ್ಪ ಎಡಗಾಲಿಟ್ಟರು. ಈ ಸಲ ನಾನು ಬಲಗಡೆ ನಿಂತಿದ್ದೆ. ಸೊಂಟ ಎದ್ದಿತು. ಸೋತ ಕಾಲು ಹೊರಗಿನಿಂದ ಅರ್ಧ ಸುತ್ತು ಹಾಕಿ, ಹೆಬ್ಬೆರಳಿನಿಂದ ಹೊಸ್ತಿಲ ರಂಗೋಲಿಯನ್ನು ಸವರಿಕೊಂಡು ಒಳಗೆ ಬಂತು. ಅಷ್ಟು ದೊಡ್ಡ ಹೆಜ್ಜೆಯನ್ನು ನನ್ನ ಜನ್ಮದಲ್ಲಿ ನಾನು ಕಂಡಿಲ್ಲ. ಕೈಮುಗಿಯಬೇಕು ಅನ್ನಿಸಿತು, ಆದರೆ ಅವರ ತೋಳು ಹಿಡಿದಿದ್ದೆನಲ್ಲ.

ಇವತ್ತು ಆ ಆಟೋದಲ್ಲಿ ನಾನು ಚಿಕ್ಕಪ್ಪನ ಮನೆಗೇ ಹೋದದ್ದು ಹೆಸರಘಟ್ಟದ ಕಡೆ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಕರೆಯಲು. ಪತ್ರಿಕೆ ಕೈಗೆ ಕೊಟ್ಟರೆ ಚಿಕ್ಕಮ್ಮ ತಡವರಿಸಿದರು. "ನಾವು ಊಟದ್ ಹೊತ್ತಿಗೆ ಬರ್ತೀವಿ ಕಣೋ. ಹೊಸ ಮನೆಗೆ ಇವ್ರು ಎಡಗಾಲಿಟ್ರೆ ನಿನ್ ಹೆಂಡ್ತಿ ಕಡೆಯೋರು ಏನಂದ್ಕೋತಾರೆ?"

"ಮೊದ್ಲು ಒಳಗೆ ಕಾಲಿಡೋದೇ ಚಿಕ್ಕಪ್ಪ. ನಾವೆಲ್ಲ ಅವ್ರ ಹಿಂದೆ" ಅಂದೆ. ಪುರೋಹಿತರಿರಲಿ, ಹೆಂಡತಿಯನ್ನೂ ಕೇಳಿರಲಿಲ್ಲ.

ಚಿಕ್ಕಪ್ಪ ಪತ್ರಿಕೆಯನ್ನು ಎಡಗೈಯಲ್ಲಿ ತಿರುಗಿಸಿ ನೋಡಿದರು.

"ಮೆಟ್ಟಿಲು ಎಷ್ಟಿದೆಯೋ?"

"ಮೂರು."

"ಬೆಳಿಗ್ಗೇನೇ ಬರ್ತೀವಿ" ಅಂದರು.