ಹಗೇವಿಗೆ ಬಿಟ್ಟ ದೀಪ

ಭಾತಂಬ್ರಾದ ಅಜ್ಜಿಯ ಮನೆಯ ಅಂಗಳದಲ್ಲಿ ಜೋಳ ಕೂಡಿಡುವ ಹಗೇವು ಈಗಲೂ ಇದೆ. ನೆಲದಲ್ಲಿ ತೋಡಿದ ಕುಣಿ ಅದು. ಬಾಯಿ ಒಬ್ಬರು ಇಳಿಯುವಷ್ಟೇ. ಒಳಗೆ ಹೊಟ್ಟೆ ಅಗಲ, ಆಳ ಎರಡಾಳಿಗಿಂತ ಹೆಚ್ಚು. ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳಿಗೆ ಹುಳ ಬೀಳುವುದಿಲ್ಲ. ಬೀದರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಅಲ್ಲಿಗೆ ಹೋದಾಗ ಅಡುಗೆಮನೆಯ ಡಬ್ಬಿಯಲ್ಲಿ ಜೋಳ ಮುಗಿದಿತ್ತು.

ಬೆಳಿಗ್ಗೆ ಚಿಕ್ಕಪ್ಪ ಹಗೇವಿನ ಕಲ್ಲು ಸರಿಸಿಟ್ಟು ಭಾಲ್ಕಿಗೆ ಹೋದರು. ಒಂದು ದಿನ ಬಾಯಿ ತೆರೆದಿಟ್ಟು ಮರುದಿನ ಇಳಿಯುವುದು ವಾಡಿಕೆ. ಆದರೆ ಸಂಜೆಯ ರೊಟ್ಟಿಗೆ ಹಿಟ್ಟಿರಲಿಲ್ಲ. ಮಧ್ಯಾಹ್ನವೇ ಕಾಕು, ಎಂದರೆ ಚಿಕ್ಕಪ್ಪನ ಹೆಂಡತಿ, ಸೆರಗು ಸಿಕ್ಕಿಸಿಕೊಂಡು ಇಳಿಯಲು ನಿಂತರು.

ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದ ಅಜ್ಜಿ ಅಲ್ಲಿಂದಲೇ, “ಮೊದ್ಲು ದೀಪ ಬಿಟ್ಟು ನೋಡ್ರಿ” ಅಂದರು.

ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ. ನಾನು ಮೊಬೈಲಿನ ಟಾರ್ಚ್ ಹಚ್ಚಿ, ಜಾಳಿಗೆ ಚೀಲಕ್ಕೆ ಹಾಕಿ, ದಾರ ಕಟ್ಟಿ ಇಳಿಬಿಟ್ಟೆ. ಗೋಡೆಗೆ ಒತ್ತಿದ್ದ ಹುಲ್ಲು, ತಳದ ಜೋಳ ಎಲ್ಲ ನಿಚ್ಚಳವಾಗಿ ಕಂಡವು.

“ನೀ ಓದಿದಾಕಿ, ನೀನೇ ಹೇಳು. ಇಳೀಲೇನು?”

“ಎಲ್ಲಾ ಕಾಣಸ್ತದ ಕಾಕು. ಇಳೀರಿ.”

ಅವರ ನಡುವಿಗೆ ಹಗ್ಗ ಸುತ್ತಿದೆ. “ನಾ ಏನ್ ಎಮ್ಮಿ ಏನವ್ವಾ, ಕಟ್ಟಿ ಹಾಕ್ಲಿಕ್ಕ?” ಎಂದು ನಕ್ಕರೂ ಕಟ್ಟಿಸಿಕೊಂಡರು. ನಿಚ್ಚಣಿಕೆಯ ಮೇಲೆ ಹೆಜ್ಜೆ ಇಡುತ್ತ ಹೋದ ಹಾಗೆ ಅವರ ತಲೆ ಬಾಯಿಯ ಕೆಳಗೆ ಮರೆಯಾಯಿತು. ಅಷ್ಟರಲ್ಲಿ ಅಜ್ಜಿ ಕೈ ತೊಳೆದು ಬಂದರು.

“ದೀಪ ಹ್ಯಾಂಗ ಉರೀತು?”

“ಮೊಬೈಲ್ ಬಿಟ್ಟೀನಿ ಅಜ್ಜಿ. ಛಲೋ ಬೆಳಕದ.”

ಅಜ್ಜಿ ನನ್ನ ಮುಖ ನೋಡಿದರು. “ಅದಕ್ಕ ಉಸರು ಬೇಕಾಗ್ತದೇನು?”

ನಾನು ಹಗ್ಗವನ್ನು ಬಿಗಿಯಾಗಿ ಹಿಡಿದೆ. ದೀಪ ಬಿಡುವುದು ಕಾಳು ಕಾಣಲೆಂದಲ್ಲ. ಮುಚ್ಚಿಟ್ಟ ಜೋಳ ಒಳಗಿನ ಗಾಳಿಯನ್ನು ಕೆಡಿಸುತ್ತದೆ. ಅಲ್ಲಿ ಮನುಷ್ಯನಿಗಿಂತ ಮೊದಲು ದೀಪ ಆರುತ್ತದೆ. ಇದೇ ವಿಷಯವನ್ನು ಬೇರೆ ಮಾತುಗಳಲ್ಲಿ ನಾನು ಪರೀಕ್ಷೆಯಲ್ಲಿ ಬರೆದಿದ್ದೆ.

“ಏರು ಮ್ಯಾಲ” ಅಜ್ಜಿ ಬಾಗಿ ಹೇಳಿದರು. “ಮಾತಾಡಬ್ಯಾಡ, ಏರು.”

“ತಲಿ ಗಿರ್ ಅಂತದ, ಅತ್ತಿ…” ನಿದ್ದೆಗಣ್ಣಿನವರ ದನಿ. ಮರುಕ್ಷಣ ನನ್ನ ಕೈಯಲ್ಲಿದ್ದ ಹಗ್ಗ ಒಮ್ಮೆಲೇ ಭಾರವಾಯಿತು.

ಇಬ್ಬರೂ ಎಳೆದೆವು. ಅವರ ಕಾಲು ನಿಚ್ಚಣಿಕೆಯನ್ನು ತಡಕುವುದು, ತಪ್ಪುವುದು ಕೇಳಿಸುತ್ತಿತ್ತು. ಆಮೇಲೆ ಅದೂ ಕೇಳಿಸಲಿಲ್ಲ. ಹಗ್ಗ ಅಂಗೈಯ ಚರ್ಮ ಕಿತ್ತದ್ದು ನನಗೆ ಗೊತ್ತಾಗಿದ್ದು ಸಂಜೆಗೆ. ಮೊದಲು ಕೂದಲು ಕಂಡಿತು, ಆಮೇಲೆ ಭುಜ. ಅಂಗಳದಲ್ಲಿ ಮಲಗಿಸಿದಾಗ ಕಾಕುವಿನ ತುಟಿ ನೀಲಿಯಾಗಿತ್ತು. ಅಜ್ಜಿ ಮೊರ ಬೀಸಿದರು. ಎಷ್ಟು ಹೊತ್ತೋ. ಕೊನೆಗೆ ಕಾಕು ಕೆಮ್ಮಿ, ವಾಂತಿ ಮಾಡಿಕೊಂಡು, ಕಣ್ಣು ತೆರೆದರು.

ಅಜ್ಜಿ ಬೈಯಲಿಲ್ಲ. ದೇವರ ಮುಂದಿನ ಹಣತೆಯನ್ನು ಬಕೆಟ್‌ನಲ್ಲಿಟ್ಟು ಹಗೇವಿಗೆ ಇಳಿಸಿದರು. ಒಂದಾಳುದ್ದ ಕೆಳಗೆ ಹೋಗುವಷ್ಟರಲ್ಲಿ ಕುಡಿ ಸಣ್ಣದಾಗಿ ಆರಿತು. ಅದರ ಕೆಳಗೆ, ಜೋಳದ ಮೇಲೆ, ನನ್ನ ಮೊಬೈಲು ಮೊದಲಿನಷ್ಟೇ ಪ್ರಕಾಶವಾಗಿ ಉರಿಯುತ್ತಿತ್ತು.

ಮರುದಿನ ಮಧ್ಯಾಹ್ನ ಹಣತೆ ತಳದವರೆಗೂ ಆರಲಿಲ್ಲ. ನಾನು ಇಳಿಯುತ್ತೇನೆಂದೆ. “ನಿನಗ ಬುಟ್ಟಿ ತುಂಬಲಿಕ್ಕ ಬರಲ್ಲ” ಎಂದು ಕಾಕುವೇ ಇಳಿದರು.

“ಮಾತಾಡ್ತಾ ಇರ್ರಿ ಕಾಕು.”

“ಯಾರ ಜೋಡಿ? ಇಲ್ಲಿ ಜ್ವಾಳ ಬಿಟ್ಟು ಯಾರೂ ಇಲ್ಲ.”

ಮೂರನೆಯ ಬುಟ್ಟಿಯ ನಂತರ ದನಿ ಬರಲಿಲ್ಲ. ಕರೆದೆ. ಮತ್ತೆ ಕರೆದೆ.

“ಅದೀನಿ ತಾಯಿ. ಉಸರು ತಗೊಳ್ಳಲಿಕ್ಕ ಬಿಡು.”

ಆಮೇಲೆ ನಾನು ಅವರ ಕಡೆ ನೋಡಲಿಲ್ಲ. ಅವರ ಕಾಲ ಬಳಿ ಇಟ್ಟಿದ್ದ ಹಣತೆಯ ಕುಡಿಯನ್ನೇ ನೋಡುತ್ತ, ಅವರು ಪೂರ್ತಿ ಮೇಲೆ ಬರುವವರೆಗೆ ಹಗ್ಗ ಹಿಡಿದು ಕೂತೆ.